ಪ್ರಯಾಣದ ಹೆಡ್‌ಫೋನ್: ನಾದಕ್ಕಿಂತ ಮೊದಲು ಸದ್ದು ತಡೆಯುವ ಗುಣ ನೋಡಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಹೆಡ್‌ಫೋನ್‌ಗಳ ಪರಿಚಯ ಆಗಾಗ ಬರುತ್ತದೆ. ಬೆಲೆ ಎಷ್ಟು, ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ, ಒಳಗೆ ಸದ್ದು ಹುಟ್ಟಿಸುವ ಡ್ರೈವರ್ ಎಂಬ ಭಾಗ ಎಷ್ಟು ಮಿಲಿಮೀಟರ್, ಬೇಸ್ ಎಷ್ಟು ಗಟ್ಟಿ, ಯಾವ ಯಾವ ಬಣ್ಣದಲ್ಲಿ ದೊರೆಯುತ್ತದೆ ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ಆದರೆ ರೈಲು, ಬಸ್ಸು, ವಿಮಾನಗಳಲ್ಲಿ ಬಳಸುವುದಕ್ಕೆಂದೇ ಕೊಳ್ಳುವವರಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಅಂದರೆ ಹೊರಗಿನ ಸದ್ದನ್ನು ಅದು ಎಷ್ಟರ ಮಟ್ಟಿಗೆ ಹೊರಗೇ ನಿಲ್ಲಿಸುತ್ತದೆ ಎಂಬುದು, ಅಲ್ಲಿ ಕಾಣುವುದು ಅಪರೂಪ. ಅದನ್ನು ತಿಳಿಯದೆ ಹೆಡ್‌ಫೋನ್ ಕೊಂಡು ಕಿವಿಗೆ ತೊಂದರೆ ತಂದುಕೊಂಡವಳು ನಾನು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ದೀರ್ಘವಾದುದಕ್ಕೆ ಕ್ಷಮೆಯಿರಲಿ.

ನಾನು ತುಮಕೂರಿನವಳು. ಎಂಟು ವರ್ಷಗಳಿಂದ ಕೆಲಸಕ್ಕಾಗಿ ದಿನವೂ ಬೆಂಗಳೂರಿಗೆ ಹೋಗಿ ಬರುತ್ತಿದ್ದೇನೆ. ಬೆಳಿಗ್ಗೆ ರೈಲಿನಲ್ಲಿ ಯಶವಂತಪುರದವರೆಗೆ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್, ಮತ್ತೆ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡು ವಿಧಾನಸೌಧ. ಸಂಜೆ ಇದೇ ದಾರಿ ಹಿಂದಕ್ಕೆ. ರೈಲು ತಪ್ಪಿದ ದಿನ ಬಸ್ಸು. ಒಟ್ಟಿನಲ್ಲಿ ದಿನಕ್ಕೆ ನಾಲ್ಕು ಗಂಟೆಯಷ್ಟು ಹೊತ್ತು ದಾರಿಯಲ್ಲೇ ಕಳೆಯುತ್ತದೆ. ಚಿಕ್ಕಂದಿನಲ್ಲಿ ಐದಾರು ವರ್ಷ ವೀಣೆ ಕಲಿತಿದ್ದೆ. ಮನೆ, ಕಚೇರಿಗಳ ನಡುವೆ ನುಡಿಸುವುದು ನಿಂತುಹೋಯಿತು, ಕೇಳುವುದು ಮಾತ್ರ ಉಳಿದುಕೊಂಡಿತು. ಆ ಕೇಳುವುದಕ್ಕೂ ನನಗೆ ಸಿಗುವುದು ಈ ನಾಲ್ಕು ಗಂಟೆಯೇ. ಮಗಳು ಜರ್ಮನಿಯಲ್ಲಿರುವುದರಿಂದ ಎರಡು ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹತ್ತು ಗಂಟೆಯ ವಿಮಾನ ಪ್ರಯಾಣವೂ ಇದೆ.

ಆರು ವರ್ಷಗಳ ಹಿಂದೆ ಮೊದಲ ಬಾರಿಗೆ ಒಳ್ಳೆಯ ಹೆಡ್‌ಫೋನ್ ಕೊಳ್ಳಬೇಕೆಂದು ಅಂಗಡಿಗೆ ಹೋದೆ. ಗಾಜಿನ ಬಾಗಿಲು ಹಾಕಿದ, ತಣ್ಣಗೆ ಎಸಿ ನಡೆಯುತ್ತಿದ್ದ ಕೋಣೆಯಲ್ಲಿ ಕೂರಿಸಿ ನಾಲ್ಕೈದು ಬಗೆಯವನ್ನು ಕೇಳಿಸಿದರು. ಅವುಗಳಲ್ಲಿ ಹೊರಮೈಗೆ ಜಾಲರಿಯಿದ್ದ ಒಂದು ಹೆಡ್‌ಫೋನ್ ನನ್ನನ್ನು ಸೆಳೆಯಿತು. ವೀಣೆಯ ತಂತಿಯನ್ನು ಎಳೆದಾಗ ಸ್ವರ ಜಾರುವ ನಯ, ಮೀಟು ತಾಕಿದ ಕ್ಷಣದ ಸಣ್ಣ ಸದ್ದು, ಹಿಂದೆ ತಂಬೂರಿಯ ಝೇಂಕಾರ, ಎಲ್ಲವೂ ಎದುರಿಗೇ ಕೂತು ನುಡಿಸಿದಷ್ಟು ಸ್ಪಷ್ಟವಾಗಿದ್ದವು. ರೈಲಿನಲ್ಲಿ ಕೇಳುವುದಕ್ಕೆ ಎಂದು ನಾನು ಹೇಳಿದ್ದೆ. ‘ಇದಕ್ಕಿಂತ ಒಳ್ಳೆಯದು ಈ ಬೆಲೆಗೆ ಸಿಗುವುದಿಲ್ಲ ಮೇಡಂ’ ಎಂದರು. ಅದು ಸುಳ್ಳೇನಲ್ಲ, ಮನೆಯಲ್ಲಿ ಕೂತು ಕೇಳುವವರಿಗೆ ಅದು ಇವತ್ತಿಗೂ ಒಳ್ಳೆಯ ಹೆಡ್‌ಫೋನೇ. ಅವರು ಹೇಳದೆ ಬಿಟ್ಟ ಮಾತೆಂದರೆ, ಅದು ಹಿಂಬದಿ ತೆರೆದ ಓಪನ್ ಬ್ಯಾಕ್ ಹೆಡ್‌ಫೋನ್ ಎಂಬುದು. ಆ ಜಾಲರಿ ಅಲಂಕಾರಕ್ಕೆ ಇಟ್ಟದ್ದಲ್ಲ. ಒಳಗಿನ ನಾದ ಹೊರಗೆ ಹೋಗಲೆಂದೇ ಬಿಟ್ಟ ದಾರಿ, ಮತ್ತು ಅದೇ ದಾರಿಯಲ್ಲಿ ಹೊರಗಿನ ಸದ್ದು ಒಳಗೂ ಬರುತ್ತದೆ.

ಮಾರನೆಯ ದಿನ ಬೆಳಿಗ್ಗೆ ರೈಲು ಹಿರೇಹಳ್ಳಿ ದಾಟುವಷ್ಟರಲ್ಲಿ ತಂಬೂರಿ ಮಾಯವಾಗಿತ್ತು. ನಿಡವಂದದ ಹೊತ್ತಿಗೆ ಮೃದಂಗದ ಎಡಗೈ ಕೇಳಿಸದಾಯಿತು. ಬರಿಯ ಮೇಲಿನ ಸ್ವರಗಳು ಉಳಿದವು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ದನಿ ಏರಿಸಿದೆ. ನನ್ನ ಫೋನಿನಲ್ಲಿ ದನಿಯ ಮೆಟ್ಟಿಲು ಒಟ್ಟು 15. ಮನೆಯಲ್ಲಿ ರಾತ್ರಿ ಕೇಳುವಾಗ ಐದನೆಯ ಮೆಟ್ಟಿಲು ಸಾಕಾಗುತ್ತಿತ್ತು. ರೈಲಿನಲ್ಲಿ ಹದಿಮೂರಕ್ಕೆ ಹೋಗುತ್ತಿತ್ತು. ಮೆಟ್ರೊ ಸಂಪಿಗೆ ರಸ್ತೆ ನಿಲ್ದಾಣ ದಾಟಿ ಸುರಂಗಕ್ಕೆ ಇಳಿದಾಗ, ಚಕ್ರದ ಕಿರುಚಾಟ ಗೋಡೆಗಳಿಗೆ ಬಡಿದು ಇಮ್ಮಡಿಯಾದಾಗ, ಕೊನೆಯ ಮೆಟ್ಟಿಲೂ ಸಾಲುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬಹಳ ಸೌಮ್ಯವಾಗಿ, ‘ನಿಮ್ಮ ಸಂಗೀತ ನನಗೂ ಕೇಳಿಸುತ್ತಿದೆಯಮ್ಮ’ ಎಂದಾಗ ನನಗೆ ನಾಚಿಕೆಯಾಯಿತು. ಬಸ್ಸುಗಳಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು ತಡೆಯಬೇಕೆಂದು 2021ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಆದೇಶಿಸಿದಾಗ ಮನಸಾರೆ ಒಪ್ಪಿದವಳು ನಾನು. ಹೆಡ್‌ಫೋನ್ ಹಾಕಿಕೊಂಡೂ ಅದೇ ತಪ್ಪನ್ನು ಸಣ್ಣ ಪ್ರಮಾಣದಲ್ಲಿ ಮಾಡುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ರಾತ್ರಿ ದೀಪ ಆರಿಸಿ ಮಲಗಿದರೆ ಬಲಗಿವಿಯಲ್ಲಿ ಜೀರುಂಡೆ ಕೂಗಿದಂಥ ಸದ್ದು ಕೇಳತೊಡಗಿತು. ಮೊದಲು ಕಿಟಕಿಯ ಹೊರಗೇ ಕೂಗುತ್ತಿದೆ ಎಂದುಕೊಂಡು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದದ್ದೂ ಉಂಟು. ಕಿವಿ, ಮೂಗು, ಗಂಟಲಿನ ವೈದ್ಯರು ಶ್ರವಣ ಪರೀಕ್ಷೆ ಮಾಡಿಸಿ, ಹಾಳೆಯ ಮೇಲಿನ ಗೆರೆಯನ್ನು ತೋರಿಸಿದರು. ಎಡದಿಂದ ಸರಿಸುಮಾರು ನೇರವಾಗಿ ಬಂದ ಗೆರೆ ಸೆಕೆಂಡಿಗೆ 4,000 ಕಂಪನ, ಅಂದರೆ 4,000 ಹರ್ಟ್ಜ್ ಬಳಿ ಬಾವಿಗೆ ಬಿದ್ದಂತೆ ಕೆಳಗಿಳಿದು ಮತ್ತೆ ಮೇಲೇರಿತ್ತು. ಜೋರು ಸದ್ದಿನಿಂದ ಆಗುವ ಹಾನಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಅಲ್ಲಿಯೇ ಎಂದರು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಳ್ಳುವುದಷ್ಟೇ ಈಗ ನಮ್ಮ ಕೈಯಲ್ಲಿದೆ ಎಂದರು. ಹೆಡ್‌ಫೋನ್ ಆರಿಸುವುದು ರುಚಿಗೆ ಸಂಬಂಧಿಸಿದ ವಿಷಯ ಎಂದುಕೊಂಡಿದ್ದ ನನಗೆ ಇದು ಆರೋಗ್ಯದ ವಿಷಯವೆಂದು ಅರ್ಥವಾದದ್ದು ಆ ದಿನ.

ಇಲ್ಲೊಂದು ಲೆಕ್ಕವನ್ನು ಓದುಗರ ಮುಂದಿಡಬೇಕು. ಸದ್ದು ಎಷ್ಟು ಜೋರು ಎಂಬುದನ್ನು ಅಳೆಯುವುದು ಡೆಸಿಬಲ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ದೊಡ್ಡವರು 80 ಡೆಸಿಬಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು; ಮಕ್ಕಳಿಗೆ ಆ ಮಿತಿ 75 ಡೆಸಿಬಲ್. ಡೆಸಿಬಲ್ ಮೂರು ಹೆಚ್ಚಾದಂತೆಲ್ಲ ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ ಹತ್ತು, 90ಕ್ಕೆ ವಾರಕ್ಕೆ ನಾಲ್ಕೇ ಗಂಟೆ. ಹಾರುತ್ತಿರುವ ವಿಮಾನದೊಳಗಿನ ಮೊರೆತವೇ ಸಾಮಾನ್ಯವಾಗಿ 80ರಿಂದ 85 ಡೆಸಿಬಲ್ ಇರುತ್ತದೆ. ಅದನ್ನು ಮೀರಿಸಿ ಸಂಗೀತ ಕೇಳಬೇಕೆಂದರೆ ಸಂಗೀತ 90ರ ಹತ್ತಿರ ಹೋಗಲೇಬೇಕು. ಅಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗಿ ಬರುವಷ್ಟರಲ್ಲಿ ಇಡೀ ವಾರದ ಪಾಲು ಮುಗಿದು ಹೆಚ್ಚೇ ಆಗಿರುತ್ತದೆ; ಫ್ರಾಂಕ್‌ಫರ್ಟ್‌ವರೆಗೆ ಹಾಗೆಯೇ ಕೇಳಿದರೆ ಎರಡೂವರೆ ವಾರದ ಪಾಲು ಒಂದೇ ರಾತ್ರಿಯಲ್ಲಿ ಖರ್ಚಾಗುತ್ತದೆ. ಇದು ಹಾಡು ಜೋರಾಗಿ ಕೇಳುವ ಚಟವಿರುವ ಹುಡುಗರ ಕತೆಯಲ್ಲ. ಮೆಲ್ಲಗೆ ಕೇಳಬಯಸುವ ನನ್ನಂಥವಳನ್ನೂ ಸುತ್ತಲಿನ ಸದ್ದೇ ಅಲ್ಲಿಗೆ ಎಳೆದೊಯ್ಯುತ್ತದೆ.

ಹೀಗಾಗಿ ಪ್ರಯಾಣಕ್ಕೆ ಬೇಕಾದದ್ದು ಹಿಂಬದಿ ಮುಚ್ಚಿದ, ಅಂಗಡಿಯವರು ಕ್ಲೋಸ್ಡ್ ಬ್ಯಾಕ್ ಎನ್ನುವ ಹೆಡ್‌ಫೋನ್. ಅದರಲ್ಲೂ ಎರಡು ಬಗೆಯಿದೆ. ಕಿವಿಯ ಮೇಲೆ ಕೂರುವ ಆನ್ ಇಯರ್ ಒಂದು. ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಂಡು ಸುತ್ತಲೂ ತಲೆಗೆ ಒತ್ತಿಕೊಳ್ಳುವ ಓವರ್ ಇಯರ್ ಇನ್ನೊಂದು. ಮೊದಲನೆಯದು ಚಿಕ್ಕದು, ಹಗುರ. ಸೆನ್‌ಹೈಸರ್ ಕಂಪನಿ 1988ರಲ್ಲಿ ತಂದ, ಇಂದಿಗೂ ಮಾರಾಟದಲ್ಲಿರುವ ಎಚ್‌ಡಿ 25 ಈ ಬಗೆಯದು. ವೈರ್ ಬಿಟ್ಟರೆ ಅದರ ತೂಕ 140 ಗ್ರಾಂ, ಸದ್ದನ್ನು ತಡೆಯುವುದರಲ್ಲಿಯೂ ಅದು ಹೆಸರುವಾಸಿ. ಆದರೆ ಈ ಬಗೆಯವು ಸದ್ದು ತಡೆಯುವುದು ಕಿವಿಯನ್ನು ಗಟ್ಟಿಯಾಗಿ ಒತ್ತಿಹಿಡಿಯುವುದರಿಂದ. ಓಲೆ ಹಾಕಿಕೊಳ್ಳುವ ಹೆಂಗಸರು ಇದನ್ನು ಗಮನಿಸಬೇಕು. ನನ್ನ ಬೆಂಡೋಲೆಯ ತಿರುಪು ಅರ್ಧ ಗಂಟೆಯಲ್ಲಿ ಕಿವಿಯ ಹಿಂದೆ ಚುಚ್ಚತೊಡಗಿ, ದೊಡ್ಡಬೆಲೆ ಬರುವ ಹೊತ್ತಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುವಂತಾಗುತ್ತಿತ್ತು. ನನಗೆ ಒಗ್ಗಿದ್ದು ಎರಡನೆಯ ಬಗೆಯೇ.

ಹೆಡ್‌ಫೋನ್ ಹಿಂಬದಿ ಮುಚ್ಚಿದ್ದರೆ ಮುಗಿಯಿತೆಂದಲ್ಲ. ಅದರ ಮೆತ್ತೆ ಚರ್ಮಕ್ಕೆ ಸುತ್ತಲೂ ಬಿರುಕಿಲ್ಲದೆ ಕೂರಬೇಕು. ಗ್ಯಾಸ್ಕೆಟ್ ಒಂದು ಕಡೆ ಸಡಿಲವಾದರೂ ಕುಕ್ಕರ್ ಕೂಗದಿರುವಂತೆ, ಮೆತ್ತೆಯ ಅಂಚಿನಲ್ಲಿ ಎಲ್ಲೋ ಒಂದು ಕಡೆ ಬೆಂಕಿಕಡ್ಡಿಯಷ್ಟು ಸಂದು ಉಳಿದರೂ ಹೊರಗಿನ ಸದ್ದು ಒಳನುಗ್ಗುತ್ತದೆ, ಒಳಗಿನ ಮಂದ್ರಸ್ವರಗಳು ಸೋರಿಹೋಗುತ್ತವೆ. ಆ ಸಂದು ಮಾಡುವುದು ಹೆಚ್ಚಾಗಿ ಕನ್ನಡಕದ ಕಡ್ಡಿ. ನನ್ನ ಹಳೆಯ ಕನ್ನಡಕದ ಕಡ್ಡಿ ದಪ್ಪ ಪ್ಲಾಸ್ಟಿಕ್ಕಿನದು. ಅದನ್ನು ಹಾಕಿಕೊಂಡು ಹೆಡ್‌ಫೋನ್ ಧರಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಮೆಲ್ಲಗೆ ಕನ್ನಡಕ ಎಳೆದು ತೆಗೆದರೆ, ಮೆತ್ತೆ ಕೆನ್ನೆಗೆ ಕೂತುಕೊಂಡ ಆ ಕ್ಷಣದಲ್ಲಿ ಯಾರೋ ಬಾಗಿಲು ಎಳೆದುಕೊಂಡಂತೆ ಸದ್ದು ಹಿಂದೆ ಸರಿಯುತ್ತಿತ್ತು. ಇದನ್ನು ಕಂಡ ಮೇಲೆ ತೆಳ್ಳನೆಯ ಲೋಹದ ಕಡ್ಡಿಯ ಕನ್ನಡಕ ಮಾಡಿಸಿಕೊಂಡೆ. ಹೆಡ್‌ಫೋನ್‌ಗಾಗಿ ಕನ್ನಡಕ ಬದಲಿಸುವುದು ಅತಿಯೆನಿಸಬಹುದು. ಕನ್ನಡಕ ಹೇಗೂ ಬದಲಿಸುವ ಕಾಲ ಬಂದಾಗ ಇದೊಂದನ್ನು ನೆನಪಿಟ್ಟುಕೊಂಡರೆ ಖರ್ಚೇನೂ ಹೆಚ್ಚಾಗುವುದಿಲ್ಲ.

ಮುಚ್ಚಿದ ಹೆಡ್‌ಫೋನ್ ಎಲ್ಲ ಸದ್ದನ್ನೂ ಒಂದೇ ಸಮನೆ ತಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಮಾತು, ಹಾರ್ನ್, ಪಾತ್ರೆಯ ಸದ್ದು, ಮಗುವಿನ ಅಳು ಮುಂತಾದ ಮೇಲಿನ ಸದ್ದುಗಳನ್ನು ಗಟ್ಟಿ ಹೊರಮೈ ಮತ್ತು ಮೆತ್ತೆಗಳೇ ಸಾಕಷ್ಟು ತಗ್ಗಿಸುತ್ತವೆ. ಆದರೆ ಎಂಜಿನ್ನಿನ ಗುಂಯ್‌ಗುಡುವ ಕೆಳಗಿನ ಸದ್ದಿನ ಅಲೆ ಮೀಟರುಗಟ್ಟಲೆ ಉದ್ದವಿರುತ್ತದೆ. ಬೆರಳಗಲದ ಮೆತ್ತೆಯನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆರು ಸಿಲಿಂಡರಿನ ಬಸ್ಸಿನ ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಅದರಲ್ಲಿ ಸೆಕೆಂಡಿಗೆ 75 ಸಲ ಇಂಧನ ಉರಿಯುತ್ತದೆ, ಅಂದರೆ ಅದರ ಮೂಲಸದ್ದು 75 ಹರ್ಟ್ಜ್. ಗಂಡಸರ ಒಂದನೆಯ ಮನೆ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜ, ಅಂದರೆ ಕೆಳಗಿನ ‘ಸ’, ಸುಮಾರು 65 ಹರ್ಟ್ಜ್, ಮಂದ್ರ ಪಂಚಮ, ಅಂದರೆ ಕೆಳಗಿನ ‘ಪ’, 98. ಬಸ್ಸು ಮತ್ತು ತಂಬೂರಿ ಒಂದೇ ಜಾಗಕ್ಕೆ ಜಗಳವಾಡುತ್ತವೆ ಎಂದರೂ ತಪ್ಪಲ್ಲ, ಗೆಲ್ಲುವುದು ಬಸ್ಸೇ. ನಮ್ಮ ಸಂಗೀತದ ನೆಲಗಟ್ಟು ಶ್ರುತಿ. ಅದು ಕೇಳದಿದ್ದರೆ ಮೇಲಿನ ಗಮಕಗಳು ಆಧಾರವಿಲ್ಲದೆ ಗಾಳಿಯಲ್ಲಿ ತೇಲುತ್ತವೆ. ಮೈಸೂರಿನ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಂಥ ಮೆಲುದನಿಯ ನುಡಿಸಾಣಿಕೆಯನ್ನು ಬಸ್ಸಿನಲ್ಲಿ ಕೇಳಲು ಹೊರಟವರಿಗೆ ಈ ನಷ್ಟ ಬೇಗ ಗೊತ್ತಾಗುತ್ತದೆ.

ಈ ಕೆಳಗಿನ ಸದ್ದಿಗೆ ಮದ್ದು ನಾಯ್ಸ್ ಕ್ಯಾನ್ಸಲಿಂಗ್. ಹೆಡ್‌ಫೋನಿನ ಹೊರಗೂ ಒಳಗೂ ಇರುವ ಪುಟ್ಟ ಮೈಕುಗಳು ಬರುತ್ತಿರುವ ಸದ್ದನ್ನು ಗ್ರಹಿಸುತ್ತವೆ. ಅದರ ಏರಿಗೆ ಇಳಿವನ್ನೂ ಇಳಿವಿಗೆ ಏರನ್ನೂ ಹೊಂದಿಸಿದ ಇನ್ನೊಂದು ಸದ್ದನ್ನು ಒಳಗಿನ ಸರ್ಕ್ಯೂಟು ಹುಟ್ಟಿಸುತ್ತದೆ. ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಇದರ ಹಿಂದೆ ಭಾರತದ ನಂಟಿರುವ ಹೆಸರೊಂದಿದೆ. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಅಲ್ಲಿನ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್, 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡರು. ಎಂಜಿನ್ನಿನ ಮೊರೆತದಲ್ಲಿ ಸಂಗೀತ ಮುಳುಗಿಹೋದದ್ದನ್ನು ಕಂಡು ಆ ಪ್ರಯಾಣದಲ್ಲೇ ಲೆಕ್ಕ ಹಾಕಲು ಕೂತರು. ಅವರದೇ ಹೆಸರಿನ ಬೋಸ್ ಕಂಪನಿ ಪೈಲಟ್‌ಗಳಿಗಾಗಿ ಇಂಥ ಹೆಡ್‌ಸೆಟ್ ಮಾರುಕಟ್ಟೆಗೆ ತಂದದ್ದು 1989ರಲ್ಲಿ, ಪ್ರಯಾಣಿಕರಿಗಾಗಿ 2000ದಲ್ಲಿ. ಇಂದು ನಾನಾ ಕಂಪನಿಗಳು, ನಾನಾ ಬೆಲೆಗಳಲ್ಲಿ ಇವನ್ನು ಮಾರುತ್ತಿವೆ.

ಆದರೆ ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಉಳಿದದ್ದೇನೂ ನೋಡಬೇಕಿಲ್ಲ ಎಂದು ಜನ ಭಾವಿಸಿದ್ದಾರೆ. ಅದು ಚೆನ್ನಾಗಿ ಕೆಲಸ ಮಾಡುವುದು ಒಂದೇ ಸಮನೆ ಬರುವ ಕೆಳಗಿನ ಸದ್ದಿನ ಮೇಲೆ. ಸುಮಾರು 1,000 ಹರ್ಟ್ಜ್ ದಾಟಿದ ಮೇಲೆ ಅದರ ಕೈ ಸೋಲುತ್ತದೆ, ಅಲ್ಲಿಂದ ಮುಂದಿನದು ಮತ್ತೆ ಮೆತ್ತೆ ಮತ್ತು ಹೊರಮೈಯ ಕೆಲಸವೇ. ಹಾಗಾಗಿ ಮೆತ್ತೆ ಸರಿಯಾಗಿ ಕೂರದ ದುಬಾರಿ ಹೆಡ್‌ಫೋನಿಗಿಂತ ಸರಿಯಾಗಿ ಕೂರುವ ಸಾಧಾರಣ ಹೆಡ್‌ಫೋನ್ ಎಷ್ಟೋ ಮೇಲು. ವಿಮಾನದಲ್ಲಿ ಹೆಚ್ಚಾಗಿ ಓಡಾಡುವವರು ನಾಯ್ಸ್ ಕ್ಯಾನ್ಸಲಿಂಗ್‌ಗೆ ಹಣ ಕೊಡುವುದು ಸಾರ್ಥಕ ಎಂದು ಅನುಭವದಿಂದ ಹೇಳಬಲ್ಲೆ. ಮೆಟ್ರೊದಲ್ಲಿ ಅರ್ಧ ಗಂಟೆ ಹೋಗಿ ಬರುವವರಿಗೆ, ಅದರಲ್ಲೂ ಭಾಷಣ, ಪಾಠ, ಸುದ್ದಿ ಕೇಳುವವರಿಗೆ, ವೈರಿರುವ ಸಾದಾ ಕ್ಲೋಸ್ಡ್ ಬ್ಯಾಕ್ ಸಾಕು. ಉಳಿದ ಹಣದಲ್ಲಿ ಬೇರೇನಾದರೂ ಕೊಳ್ಳಬಹುದು. ಕಿವಿಯೊಳಗೆ ತೂರಿಸುವ ಇಯರ್‌ಫೋನ್‌ಗಳೂ ಸದ್ದು ತಡೆಯುತ್ತವೆ ನಿಜ, ಎಷ್ಟೋ ಜನಕ್ಕೆ ಅವೇ ಅನುಕೂಲ. ವಿಮಾನ ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಕಿವಿ ಕಟ್ಟುವ ಹೊತ್ತಿನಲ್ಲಿ ಅವು ನನಗೆ ಹಿಂಸೆ ಎನಿಸಿದ್ದರಿಂದ ಬಿಟ್ಟೆ.

ವೈದ್ಯರ ಮಾತಿನ ನಂತರ ನಾನು ಎರಡನೆಯ ಹೆಡ್‌ಫೋನ್ ಕೊಂಡದ್ದು ಆನ್‌ಲೈನ್‌ನಲ್ಲಿ. ಅದು ಮುಚ್ಚಿದ್ದೇ, ಆದರೆ ಅದರ ಬಟ್ಟಲು ನನ್ನ ಕಿವಿಗೆ ಚಿಕ್ಕದು, ಪಟ್ಟಿಯ ಬಿಗಿ ತಲೆನೋವು ತರುವಷ್ಟು. ಹಿಂದಿರುಗಿಸಲು ಹೋದರೆ, ಕಿವಿಗೆ ಧರಿಸುವ ವಸ್ತುವಾದ್ದರಿಂದ ಸ್ವಚ್ಛತೆಯ ಕಾರಣಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಆ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಹಾಕಿ ನೋಡದೆ ಕೊಳ್ಳುವಂತಿಲ್ಲದ ವಸ್ತುವನ್ನು ಹಾಕಿ ನೋಡಲು ಬಿಡದೆ ಮಾರುವುದು, ಹಾಕಿದ ಮೇಲೆ ವಾಪಸ್ ಇಲ್ಲವೆನ್ನುವುದು, ಎರಡೂ ಸೇರಿದರೆ ಕೊಳ್ಳುವವರಿಗೆ ಉಳಿಯುವ ದಾರಿ ಯಾವುದು? ಚಪ್ಪಲಿ ಕೊಳ್ಳುವಾಗಲೂ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ.

ಮೂರನೆಯ ಸಲ ಅಂಗಡಿಗೇ ಹೋದೆ, ಈ ಬಾರಿ ನನ್ನ ಕನ್ನಡಕ, ನನ್ನ ಓಲೆ, ನನ್ನ ಫೋನ್ ಸಮೇತ. ಹಾಡು ಹಾಕಬೇಡಿ, ಮೊದಲು ಬರೀ ಹಾಕಿಕೊಂಡು ನೋಡುತ್ತೇನೆ ಎಂದಾಗ ಅಂಗಡಿಯ ಹುಡುಗನಿಗೆ ಆಶ್ಚರ್ಯವಾಯಿತು. ಧರಿಸಿ, ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದೆ, ತಗ್ಗಿಸಿದೆ, ಏನನ್ನೋ ಅಗಿಯುವಂತೆ ದವಡೆ ಆಡಿಸಿದೆ. ದವಡೆ ಆಡುವಾಗ ಮೆತ್ತೆ ಬಿಟ್ಟುಕೊಂಡು ಎಸಿಯ ಸದ್ದು ಬಂದು ಹೋಗಿ ಮಾಡುತ್ತಿದ್ದರೆ ಅದು ನಮ್ಮ ತಲೆಗೆ ತಕ್ಕದ್ದಲ್ಲ. ಮೊದಲಿನ ಎರಡು ಹೀಗೆ ಸೋತವು. ಮೂರನೆಯದನ್ನು ಹಾಕಿಕೊಂಡಾಗ ಎಸಿಯ ಗುಂಯ್‌ ಅಡಗಿತು, ಹುಡುಗನ ಮಾತು ಪಕ್ಕದ ಕೋಣೆಯಿಂದ ಬಂದಂತೆ ಸಣ್ಣಗಾಯಿತು. ಇಪ್ಪತ್ತು ನಿಮಿಷ ಹಾಗೇ ಹಾಕಿಕೊಂಡು ಕೂತೆ. ಬಿಗಿ ಮೊದಲ ಐದು ನಿಮಿಷದಲ್ಲಿ ತಿಳಿಯುವುದಿಲ್ಲ. ಹದಿನೈದು ನಿಮಿಷ ದಾಟಿದ ಮೇಲೆ ನೆತ್ತಿ ಮತ್ತು ಕಿವಿಯ ಕೆಳಭಾಗ ತಾವಾಗಿಯೇ ಹೇಳುತ್ತವೆ. ಕೊನೆಯಲ್ಲಿ ಮಾತ್ರ ವೀಣೆ ಹಾಕಿ ಕೇಳಿದೆ. ನಾದದಲ್ಲಿ ಅದು ನನ್ನ ಜಾಲರಿಯ ಹೆಡ್‌ಫೋನಿನ ಸಮಕ್ಕೆ ಬರುವುದಿಲ್ಲ, ಸ್ವರಗಳ ನಡುವಿನ ಆ ಬಯಲು ಇಲ್ಲಿಲ್ಲ. ಆದರೂ ಅದನ್ನೇ ಕೊಂಡೆ. ಅದರಲ್ಲಿ ಮನೆಯಲ್ಲಿ ನನಗೆ ಬೇಕಾಗುವುದು ಆರನೆಯ ಮೆಟ್ಟಿಲು, ರೈಲಿನಲ್ಲಿ ಎಂಟನೆಯದು. ಹಿಂದಿನ ಎಂಟು ಮೆಟ್ಟಿಲಿನ ಅಂತರ ಎರಡಕ್ಕೆ ಇಳಿದಿದೆ. ಸುರಂಗದಲ್ಲೂ ನಾನೀಗ ಗುಂಡಿ ಮುಟ್ಟುವುದಿಲ್ಲ.

ಜೊತೆಯಲ್ಲಿ ಒಯ್ಯುವ ವಸ್ತುವಾದ್ದರಿಂದ ಇನ್ನೂ ಕೆಲವು ಸಂಗತಿಗಳಿವೆ. ತೂಕ ಒಂದು. ಸುಮಾರು 250 ಗ್ರಾಂ ಇರುವ ಹೆಡ್‌ಫೋನ್ ಹತ್ತು ಗಂಟೆ ತಲೆಯ ಮೇಲಿದ್ದರೂ ತಡೆದುಕೊಳ್ಳಬಹುದು. ಲೋಹದ ಬಟ್ಟಲುಗಳ ಆ್ಯಪಲ್ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ ಹತ್ತಿರವಿದೆ, ಕುತ್ತಿಗೆ ನೋವಿರುವವರು ಯೋಚಿಸಬೇಕು. ಮಡಚುವುದು ಇನ್ನೊಂದು. ಸೋನಿಯವರ ಎಕ್ಸ್‌ಎಂ4 ಮಾದರಿ ಒಳಗೆ ಮಡಚಿಕೊಳ್ಳುತ್ತಿತ್ತು. 2022ರ ಎಕ್ಸ್‌ಎಂ5ರಲ್ಲಿ ಅದನ್ನು ಕೈಬಿಟ್ಟರು. 2025ರ ಎಕ್ಸ್‌ಎಂ6ರಲ್ಲಿ ಮತ್ತೆ ತಂದರು. ಊಟದ ಡಬ್ಬಿ, ನೀರಿನ ಬಾಟಲಿ, ಛತ್ರಿ ಎಲ್ಲ ಒಂದೇ ಚೀಲದಲ್ಲಿ ಹೊರುವವರಿಗೆ ಮಡಚುವುದು ಬಹಳ ಮುಖ್ಯ. ಸ್ಟುಡಿಯೊಗಳಿಗೆಂದು ಮಾಡಿದ, 250 ಓಮ್‌ನಂಥ ಹೆಚ್ಚಿನ ಪ್ರತಿರೋಧದ ಹೆಡ್‌ಫೋನ್‌ಗಳು ಮುಚ್ಚಿದವೇ ಆಗಿದ್ದರೂ ಫೋನಿಗೆ ಹೊಂದುವುದಿಲ್ಲ, ದನಿ ಸಾಲುವುದಿಲ್ಲ.

ವಿಮಾನಕ್ಕೆ ಹೋಗುವವರು ವೈರ್ ಜೋಡಿಸುವ ತೂತು ಇದೆಯೇ ಎಂದು ನೋಡಿಕೊಳ್ಳಬೇಕು. ದೂರದ ವಿಮಾನಗಳಲ್ಲಿ ಎದುರಿನ ತೆರೆಗೆ ಇಂದಿಗೂ ಹೆಚ್ಚಾಗಿ ವೈರೇ ಬೇಕು. ಕೆಲವು ಆಸನಗಳಲ್ಲಿ ಎರಡು ಕಡ್ಡಿಯ ಹಳೆಯ ಸಾಕೆಟ್ ಇರುತ್ತದೆ, ಅದಕ್ಕೆ ಸಣ್ಣ ಅಡಾಪ್ಟರ್ ಜೊತೆಗಿರಲಿ. ಬ್ಯಾಟರಿ ಮುಗಿದ ಮೇಲೆ ವೈರ್ ಹಾಕಿದರೆ ಕೆಲವು ಹೆಡ್‌ಫೋನ್‌ಗಳು ಕೆಲಸ ಮಾಡುತ್ತವೆ, ಕೆಲವು ಮೂಕವಾಗುತ್ತವೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಸ್ವಿಚ್ ಆರಿಸಿ ಪರೀಕ್ಷಿಸುವುದು ಒಳ್ಳೆಯದು. ಬ್ಯಾಟರಿಯ ಬಗ್ಗೆ ಎಚ್ಚರವೂ ಬೇಕು. 2017ರ ಫೆಬ್ರುವರಿಯಲ್ಲಿ ಬೀಜಿಂಗ್‌ನಿಂದ ಮೆಲ್ಬರ್ನ್‌ಗೆ ಹೋಗುತ್ತಿದ್ದ ವಿಮಾನದಲ್ಲಿ, ಮಲಗಿದ್ದ ಪ್ರಯಾಣಿಕರೊಬ್ಬರ ತಲೆಯ ಮೇಲೆಯೇ ಹೆಡ್‌ಫೋನಿನ ಬ್ಯಾಟರಿ ಸಿಡಿದು ಮುಖ, ಕೂದಲು, ಕೈ ಸುಟ್ಟಿದ್ದನ್ನು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿ ಪ್ರಕಟಿಸಿತ್ತು. ಹಾಗಾಗಿ ಹೆಸರು ದೆಸೆಯಿಲ್ಲದ ಅಗ್ಗದ ಬ್ಯಾಟರಿ ಬೇಡ. ಪವರ್ ಬ್ಯಾಂಕನ್ನು ಸರಕಿನ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಕೊಂಡ ಮೇಲಿನ ದೊಡ್ಡ ಸಮಸ್ಯೆ ಮೆತ್ತೆಯದು. ಕೃತಕ ಚರ್ಮದ ಮೆತ್ತೆಗಳು ನಮ್ಮ ಬೆವರು, ತಲೆಗೆ ಹಚ್ಚುವ ಎಣ್ಣೆ, ಸೆಕೆಗಳಿಗೆ ಎರಡು ಮೂರು ವರ್ಷದಲ್ಲಿ ಸಿಪ್ಪೆ ಏಳುತ್ತವೆ. ಒಂದು ಸಂಜೆ ಮುಖ ಒರೆಸಿದ ಬಿಳಿ ಕರವಸ್ತ್ರದ ಮೇಲೆ ಕರಿಯ ಚೂರುಗಳು ಅಂಟಿಕೊಂಡಿದ್ದವು. ಕನ್ನಡಿಯಲ್ಲಿ ನೋಡಿದರೆ ಕಿವಿಯ ಸುತ್ತ ಮಸಿಯಂತೆ ಉದುರಿತ್ತು. ಮೆತ್ತೆ ಸಿಪ್ಪೆಯೆದ್ದರೆ ಅಂದವಷ್ಟೇ ಕೆಡುವುದಲ್ಲ, ಸಂದು ಬಿಟ್ಟು ಸದ್ದು ತಡೆಯುವ ಗುಣವೇ ಹೋಗುತ್ತದೆ, ದನಿಯ ಮೆಟ್ಟಿಲು ನಮಗರಿವಿಲ್ಲದೆ ಮತ್ತೆ ಏರುತ್ತದೆ. ಕಂಪನಿಯ ಸೇವಾ ಕೇಂದ್ರದಲ್ಲಿ ಕೇಳಿದರೆ ಆ ಮಾದರಿಯ ಮೆತ್ತೆ ಈಗ ಬರುತ್ತಿಲ್ಲ, ಹೊಸ ಹೆಡ್‌ಫೋನ್ ಕೊಳ್ಳಿ ಎಂದರು. ಸಾವಿರಾರು ರೂಪಾಯಿಯ, ಒಳಗೆ ಏನೂ ಕೆಡದ ವಸ್ತುವನ್ನು ಅಂಗೈಯಗಲದ ಎರಡು ಮೆತ್ತೆಗಾಗಿ ಎಸೆಯಬೇಕೆನ್ನುವುದನ್ನು ನಾನು ಒಪ್ಪಲಾರೆ. ಕೊನೆಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ ಅಳತೆಗೆ ಹೊಂದುವ ಜೋಡಿಯನ್ನು ಹುಡುಕಿ ಹಾಕಿಕೊಂಡೆ. ಮಖಮಲ್ಲಿನ ಮೆತ್ತೆಯೂ ಸಿಗುತ್ತದೆ, ಸೆಕೆಗೆ ಹಿತ. ಆದರೆ ಅದರ ಎಳೆಗಳ ನಡುವೆ ಸದ್ದು ನುಸುಳುವುದರಿಂದ ಪ್ರಯಾಣಕ್ಕೆ ಅಷ್ಟು ಸರಿಯಲ್ಲ.

ಸದ್ದು ಚೆನ್ನಾಗಿ ತಡೆಯುವ ಹೆಡ್‌ಫೋನಿಗೆ ಒಂದು ಅಪಾಯವೂ ಅಂಟಿಕೊಂಡಿದೆ. ಹಳಿ ದಾಟುವಾಗ, ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಅದು ತಲೆಯ ಮೇಲಿರಲೇಬಾರದು. ನಾನು ಪ್ಲಾಟ್‌ಫಾರಂನಲ್ಲಿ ಹಾಕಿಕೊಳ್ಳುವುದಿಲ್ಲ. ಸೀಟು ಸಿಕ್ಕಿ ಕೂತ ಮೇಲೆ ಹಾಕಿಕೊಂಡು, ಚಿಕ್ಕಬಾಣಾವರ ಬಂದಾಗ ತೆಗೆದು ಚೀಲಕ್ಕಿಡುತ್ತೇನೆ. ವಿಮಾನದಲ್ಲೂ ಸಿಬ್ಬಂದಿ ಸುರಕ್ಷತೆಯ ಸೂಚನೆ ಹೇಳುವಾಗ, ಏರುವಾಗ, ಇಳಿಯುವಾಗ ಕಿವಿ ತೆರೆದಿರಬೇಕು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನದೊಂದು ಕೋರಿಕೆ. ಇನ್ನು ಮುಂದೆ ತಮ್ಮ ತಂತ್ರಜ್ಞಾನ ಪುಟದವರು ಹೆಡ್‌ಫೋನ್ ಪರಿಚಯಿಸುವಾಗ ಕಚೇರಿಯ ಕೋಣೆಯಲ್ಲಿ ಮಾತ್ರ ಕೇಳಿ ಬರೆಯದೆ, ಅದನ್ನು ಒಂದು ದಿನ ಮೆಜೆಸ್ಟಿಕ್‌ನಿಂದ ಹೊರಡುವ ಡೀಸೆಲ್ ಬಸ್ಸಿನಲ್ಲಿ, ಒಂದು ದಿನ ಮೆಟ್ರೊದ ಸುರಂಗದಲ್ಲಿ ಹಾಕಿಕೊಂಡು ನೋಡಲಿ. ಮನೆಯಲ್ಲಿ ಯಾವ ಮೆಟ್ಟಿಲಿನಲ್ಲಿ ಹಿತವಾಗಿ ಕೇಳಿಸಿತು, ಬಸ್ಸಿನಲ್ಲಿ ಎಷ್ಟನೆಯ ಮೆಟ್ಟಿಲಿಗೆ ಏರಿಸಬೇಕಾಯಿತು ಎಂಬ ಎರಡು ಅಂಕಿಗಳನ್ನು ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಲಿ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ಒಂದು ಫೋನ್ ಮತ್ತು ಒಂದು ಟಿಕೆಟ್ ಸಾಕು. ಕನ್ನಡಕ ಹಾಕಿಕೊಂಡವರೊಬ್ಬರ ಅಭಿಪ್ರಾಯ, ತೂಕ, ಬದಲಿ ಮೆತ್ತೆ ನಮ್ಮ ಊರುಗಳಲ್ಲಿ ಸಿಗುತ್ತದೆಯೇ ಎಂಬ ಮಾಹಿತಿಯನ್ನೂ ಜೊತೆಗೆ ಕೊಟ್ಟರೆ, ತುಮಕೂರಿನಿಂದ, ರಾಮನಗರದಿಂದ, ದೊಡ್ಡಬಳ್ಳಾಪುರದಿಂದ ದಿನವೂ ಬೆಂಗಳೂರಿಗೆ ಬಂದುಹೋಗುವ ನಮ್ಮಂಥವರಿಗೆ ದೊಡ್ಡ ಉಪಕಾರವಾಗುತ್ತದೆ. ಮಗನಿಗೋ ಮಗಳಿಗೋ ಮೊದಲ ಹೆಡ್‌ಫೋನ್ ಕೊಡಿಸಲು ಹೊರಟಿರುವ ತಂದೆತಾಯಂದಿರು ಮೊದಲು ನೋಡುವುದು ತಮ್ಮ ಪುಟವನ್ನೇ.

ಇಂತಿ ತಮ್ಮ ವಿಶ್ವಾಸಿ,
ದಿನನಿತ್ಯದ ರೈಲು ಪ್ರಯಾಣಿಕೆ, ತುಮಕೂರು